ನೆಲದ ಮೇಲಿನ ದೀಪ

ನಮ್ಮ ಅತ್ತೆಯ ಪುಣ್ಯತಿಥಿಯ ದಿನ ನಾನು ದೀಪವನ್ನು ನೆಲದ ಮೇಲೆ ಇಡುತ್ತೇನೆ. ಗೋಡೆಯಲ್ಲಿ ಒಳ್ಳೆಯ ಗೂಡಿದೆ, ಎಣ್ಣೆ ಚೆಲ್ಲದಂತೆ ತಟ್ಟೆಯೂ ಇದೆ. ಆದರೂ ನೆಲದ ಮೇಲೇ. ಪ್ರತಿವರ್ಷ ಮಗಳು ಕೇಳುತ್ತಾಳೆ, "ಗೂಡಿನ್ಯಾಗ ಇಟ್ಟರ ಏನಾಗ್ತದವ್ವಾ? ಬಗ್ಗಿ ಬಗ್ಗಿ ಸೊಂಟ ಹಿಡ್ಕೋತದ." ಪ್ರತಿವರ್ಷ ನಾನು, "ನಿನಗ ಗೊತ್ತಾಗೂದಲ್ಲ, ಸುಮ್ಮಕ ಕೂಡು" ಎಂದು ಗದರುತ್ತೇನೆ. ಗದರುವುದು ನನಗೆ ಹುಟ್ಟಿನಿಂದಲೇ ಬಂದಿದೆ. ನಿಜ ಹೇಳುವುದಕ್ಕೆ ಮಾತ್ರ ಐವತ್ತು ವರ್ಷ ಹಿಡಿಯಿತು.

ನಾನು ಉದಗೀರಿನವಳು. ಅಪ್ಪನದು ಬಟ್ಟೆಯಂಗಡಿ. ಮದುವೆಗೆ ಮೊದಲು ಕಾಲೇಜಿನಲ್ಲಿ ಒಂದು ವರ್ಷ ಸೈನ್ಸ್ ಓದಿದ್ದೆ. ಓದಿದ್ದು ಒಂದೇ ವರ್ಷ, ಜಂಬ ಮಾತ್ರ ಪ್ರೊಫೆಸರಿನಷ್ಟಿತ್ತು. ಕೊಟ್ಟದ್ದು ನಿಲಂಗಾದ ಒಂದು ಸೋಡಾ ಅಂಗಡಿಯ ಮನೆಗೆ. ಬಸ್ ಸ್ಟ್ಯಾಂಡಿನ ಎದುರು ನಮ್ಮವರ ಗೋಲಿ ಸೋಡಾ. ಅಡತಿ ದಲಾಲರಿಗೆ ಕಾಳು ಮಾರಲು ತಂದವರು, ಕೋರ್ಟಿಗೆ ತಾರೀಖಿಗೆ ಬಂದವರು, ಔರಾದ ಶಹಾಜನಿಯ ಬಸ್ಸು ಕಾಯುವವರು ಎಲ್ಲರೂ ಅಲ್ಲಿ ಒಂದು ಗೋಲಿ ಒಡೆಸಿಕೊಂಡೇ ಮುಂದೆ ಹೋಗುವುದು. ಅತ್ತೆ ತೀರಿಕೊಂಡ ವರ್ಷ ಮನೆಯಲ್ಲಿ ನಾವು ಐದು ಜನ. ಗಂಡನನ್ನು ಕಳೆದುಕೊಂಡ ಅತ್ತೆ, ಅವರ ತಂಗಿ, ನಮ್ಮವರು, ನಾನು, ಎಂಟು ತಿಂಗಳ ಮಗಳು. ಅತ್ತೆಯ ತಂಗಿಯನ್ನು ಎಲ್ಲರೂ ಚಿಗವ್ವ ಎನ್ನುತ್ತಿದ್ದೆವು. ಆಕೆಗೂ ಗಂಡನಿಲ್ಲ, ಮಕ್ಕಳಿಲ್ಲ. ಅಕ್ಕನ ಮನೆಯ ಒಂದು ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಮೂವತ್ತು ವರ್ಷ ಕಳೆದವಳು. ನಾದಿನಿಯನ್ನು ಸೊಲ್ಲಾಪುರಕ್ಕೆ ಕೊಟ್ಟಿತ್ತು.

ಸೋಡಾದ ಗ್ಯಾಸು ಉದ್ದನೆಯ ಕಬ್ಬಿಣದ ಸಿಲಿಂಡರುಗಳಲ್ಲಿ ಬರುತ್ತಿತ್ತು. ಒಳಗೆ ಎಷ್ಟು ಒತ್ತಿ ತುಂಬಿರುತ್ತಿದ್ದರೆಂದರೆ ಗ್ಯಾಸು ಗ್ಯಾಸಾಗಿ ಉಳಿಯದೆ ನೀರಿನಂತೆ ದ್ರವವಾಗಿರುತ್ತಿತ್ತು. ಮದುವೆಯ ಹೊಸದರಲ್ಲಿ ನಮ್ಮವರು ನನಗೊಂದು ಆಟ ತೋರಿಸಿದರು. ಸಿಲಿಂಡರನ್ನು ಬಾಯಿ ಕೆಳಗಾಗುವಂತೆ ಓರೆಯಾಗಿ ಮಲಗಿಸಿ, ಬಾಯಿಗೆ ದಿಂಬಿನ ಗವಸು ಕಟ್ಟಿ, ಕೀಲಿ ತಿರುವಿದರು. ಕಿವಿ ಹರಿದುಹೋಗುವಂತೆ ಅದು ಚೀರಿತು. ಗವಸಿನ ನೇಯ್ಗೆಯಿಂದ ಬಿಳಿ ಹೊಗೆ ಚಿಮ್ಮಿತು. ಬಿಚ್ಚಿ ನೋಡಿದರೆ ಒಳಗೆ ವಿಭೂತಿ ಪುಡಿಯಂಥ ಹಿಮ. ಅಂಗಳದಲ್ಲಿ ಸುರಿದರೆ ಕರಗಿ ನೀರಾಗಲಿಲ್ಲ, ನೋಡನೋಡುತ್ತ ಹಾಗೆಯೇ ಗಾಳಿಯಾಗಿ ಹೋಯಿತು. ನೆಲ ಒದ್ದೆಯೂ ಆಗಲಿಲ್ಲ.

ನನಗೆ ಬಾಯಿ ಸುಮ್ಮನಿರುತ್ತದೆಯೇ? ಅಲ್ಲೇ ನಿಂತು ಪಾಠ ಶುರು ಮಾಡಿದೆ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ, ಸೈಕಲ್ ಪಂಪಿನ ಬುಡ ಮುಟ್ಟಿ ನೋಡಿ. ಒತ್ತಿಟ್ಟದ್ದನ್ನು ಬಿಟ್ಟರೆ ಅದು ಸುತ್ತಲಿನ ಗಾಳಿಯನ್ನು ನೂಕಿಕೊಂಡು ಹಿಗ್ಗಬೇಕು, ನೂಕುವ ಶಕ್ತಿಯನ್ನು ತನ್ನ ಮೈಯ ಶಾಖದಿಂದಲೇ ತೆಗೆಯಬೇಕು. ಅದಕ್ಕೇ ತಣ್ಣಗಾಗುತ್ತದೆ. ಇಲ್ಲಿ ದ್ರವದ ಒಂದು ಪಾಲು ಗ್ಯಾಸಾಗಿ ಹಾರುವಾಗ ಉಳಿದ ಪಾಲಿನ ಶಾಖವನ್ನೂ ಕುಡಿದು ಹೋಗುತ್ತದೆ, ಉಳಿದದ್ದು ಹೆಪ್ಪುಗಟ್ಟಿ ಹಿಮವಾಗುತ್ತದೆ. ನಮ್ಮವರು ನಕ್ಕರು. ಬಾಗಿಲಲ್ಲಿ ನಿಂತಿದ್ದ ಅತ್ತೆ, "ಸೊಸಿ ಭಾಳ ಶಾಣ್ಯಾ ಅದಾಳ" ಎಂದರು. ಅದು ಹೊಗಳಿಕೆಯಲ್ಲ ಎಂದು ಧ್ವನಿಯಲ್ಲೇ ತಿಳಿಯುತ್ತಿತ್ತು.

ಉದಗೀರಿನ ಕಾಲೇಜಿನಲ್ಲಿ ನಮ್ಮ ಸರ್ ಈ ಪಾಠ ಮಾಡಿದ ವಾರವೇ ಇನ್ನೊಂದು ಪ್ರಯೋಗವನ್ನೂ ತೋರಿಸಿದ್ದರು. ಗಾಜಿನ ಪಾತ್ರೆಯಲ್ಲಿ ಮೋಂಬತ್ತಿ ಹಚ್ಚಿಟ್ಟು, ಖಾಲಿಯಂತೆ ಕಾಣುವ ಇನ್ನೊಂದು ಪಾತ್ರೆಯನ್ನು ಅದರ ಮೇಲೆ ಬಗ್ಗಿಸಿದರು, ನೀರು ಸುರಿದಂತೆ. ಏನೂ ಬಿದ್ದದ್ದು ಕಾಣಲಿಲ್ಲ. ಮೋಂಬತ್ತಿ ಆರಿತು. ನಾವು ಹುಡುಗಿಯರು ಚಪ್ಪಾಳೆ ತಟ್ಟಿದೆವು. ಅದು ಇದೇ ಗ್ಯಾಸು. ಗಾಳಿಗಿಂತ ಭಾರ, ಕೆಳಗೆ ಕೂರುತ್ತದೆ, ಬೆಂಕಿಯನ್ನೂ ಉಸಿರನ್ನೂ ನಿಲ್ಲಿಸುತ್ತದೆ. ಈ ಪಾಠವನ್ನು ನಾನು ನಮ್ಮವರಿಗೆ ಹೇಳಲಿಲ್ಲ. ಮರೆತೇಬಿಟ್ಟಿದ್ದೆ.

ಎಪ್ಪತ್ತೆರಡರ ಮಳೆ ಕೈಕೊಟ್ಟ ಮೇಲಿನ ಬೇಸಿಗೆ ಅದು. ಬಾವಿಗಳ ತಳದಲ್ಲಿ ಹೊಂಡ ತೋಡಿ ಬಟ್ಟಲಿನಿಂದ ತುಂಬಿಕೊಳ್ಳುತ್ತಿದ್ದರು. ಟ್ಯಾಂಕರು ನಾಲ್ಕು ದಿನಕ್ಕೊಮ್ಮೆ ಬಂದರೆ ಬಂತು. ನೀರಿಲ್ಲದ ಮೇಲೆ ಸೋಡಾ ಎಲ್ಲಿಯದು? ಅಂಗಡಿಗೆ ಬೀಗ ಬಿತ್ತು. ಒಂದು ತುಂಬಿದ ಸಿಲಿಂಡರು, ಒಂದು ಅರ್ಧ ಉಳಿದದ್ದು, ಎರಡನ್ನೂ ತಂದು ಪಡಸಾಲೆಯಲ್ಲಿ ನಿಲ್ಲಿಸಿದೆವು. ನೀರು ಹೋಗಿ ಗ್ಯಾಸು ಮಾತ್ರ ಉಳಿದ ಮನೆ ನಮ್ಮದು ಎಂದು ನಮ್ಮವರು ತಮಾಷೆ ಮಾಡುತ್ತಿದ್ದರು.

ಆ ಬೇಸಿಗೆಯಲ್ಲೇ ಅತ್ತೆಗೆ ಮೈಯೆಲ್ಲ ಬಾವು ಬಂದು, ಒಂದು ನಸುಕಿನಲ್ಲಿ ತೀರಿಕೊಂಡರು. ಕೊನೆಯ ಎರಡು ದಿನ ಅವರ ಬಾಯಲ್ಲಿ ಒಂದೇ ಮಾತು: "ಮಗಳು ಬರೂತನಕ ನನ್ನ ಎತ್ತಬ್ಯಾಡ್ರಿ." ನಮ್ಮವರು ಟ್ರಂಕ್ ಕಾಲ್ ಮಾಡಿ ಸೊಲ್ಲಾಪುರಕ್ಕೆ ತಿಳಿಸಿದರು. ನಾದಿನಿ ಸಿಕ್ಕ ಬಸ್ಸು ಹತ್ತಿ ಉಮರ್ಗಾಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ನಿಲಂಗಾ ಮುಟ್ಟಬೇಕು. ಸಂಜೆ ಐದಾಗುತ್ತದೆ ಎಂದರು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ಸೆಟೆಯುವ ಮೊದಲೇ ಪದ್ಮಾಸನದಲ್ಲಿ ಕೂರಿಸುತ್ತಾರೆ, ಮಣ್ಣಿಗೂ ಹಾಗೆ ಕೂತೇ ಹೋಗಬೇಕು. ಚಿಗವ್ವ ಒಳಕೋಣೆಯಲ್ಲಿ ಅಕ್ಕನನ್ನು ಗೋಡೆಗೆ ಒರಗಿಸಿ ಕೂರಿಸಿ, ಜಾರದಂತೆ ಬಟ್ಟೆಯಿಂದ ಕಟ್ಟಿ, ಹಣೆ ತುಂಬ ವಿಭೂತಿ ಬಳಿದಳು. ಕೊರಳಲ್ಲಿ ಲಿಂಗವಿದ್ದ ಬೆಳ್ಳಿಯ ಕರಡಿಗೆ ಎದೆಗಿಂತ ಕೆಳಗೆ ಇಳಿಬಿದ್ದಿತ್ತು. ಕಾಲಿನ ಮುಂದೆ ನೆಲದ ಮೇಲೆ ಒಂದು ದೀಪ. ಎತ್ತುವವರೆಗೂ ಅದು ಆರಬಾರದು. ಅದರ ಪಕ್ಕದಲ್ಲಿ ಬತ್ತಿಗಳ ಕಟ್ಟು ಹಿಡಿದು ಚಿಗವ್ವ ಕೂತಳು.

ಹತ್ತು ಗಂಟೆಗೆಲ್ಲ ಬಿಸಿಲು ಮೈ ಸುಡುತ್ತಿತ್ತು. ಅತ್ತೆಯ ಬಾತ ಮುಖ ಇನ್ನಷ್ಟು ಬಾತಂತೆ ಕಾಣತೊಡಗಿತು. ಬರ್ಫ ತರೋಣವೆಂದರೆ ಬರ್ಫದ ಕಾರ್ಖಾನೆಯೂ ನೀರಿಲ್ಲದೆ ಬಂದ್. ಹಿರಿಯರೊಬ್ಬರು, "ಹನ್ನೆರಡರ ಒಳಗ ಎತ್ತೋದು ಛಲೋ. ಐದರತನಕ ತಡಿಯೂದಿಲ್ಲ ಇದು" ಎಂದರು. ಚಿಗವ್ವ ಒಳಗಿನಿಂದಲೇ, "ಮಗಳು ಮಾರಿ ನೋಡದ ಎತ್ತಿದರ ನಮ್ಮಕ್ಕ ನಿಮ್ಮನ್ನ ಬಿಡಂಗಿಲ್ಲ" ಎಂದಳು. ನಮ್ಮವರು ಕಂಬ ಹಿಡಿದು ನಿಂತು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಕಣ್ಣು ಪಡಸಾಲೆಯ ಸಿಲಿಂಡರುಗಳ ಮೇಲೆ ಹೋಯಿತು.

"ಹಿಮಾ ಮಾಡೂಣ್ರಿ. ಅತ್ತಿ ಸುತ್ತ ಇಟ್ಟರ ಸಂಜೀತನಕ ಏನೂ ಆಗೂದಿಲ್ಲ" ಎಂದೆ.

ಎಲ್ಲರೂ ನನ್ನತ್ತ ತಿರುಗಿದರು. ಇಪ್ಪತ್ತೊಂದು ವರ್ಷದ ಸೊಸೆಗೆ ಅಷ್ಟು ಜನ ತಿರುಗಿ ನೋಡುವುದೆಂದರೆ ಏನೆಂದು ಈಗಿನವರಿಗೆ ಹೇಳಿದರೆ ತಿಳಿಯದು. ಅತ್ತೆ ಸತ್ತ ದುಃಖದ ನಡುವೆಯೂ ನನ್ನೊಳಗೆ ಒಂದು ಹಿಗ್ಗು ಎದ್ದದ್ದು ನಿಜ.

ತುಂಬಿದ ಸಿಲಿಂಡರಿನ ಗ್ಯಾಸನ್ನು ಅಂಗಳದಲ್ಲೇ ಬಿಟ್ಟು ಹಿಮ ಮಾಡಿದೆವು. ಗೋಣಿಚೀಲದೊಳಗೆ ಗವಸು, ಗವಸಿನೊಳಗೆ ಹಿಮ. ಒಳಗೆ ಒಯ್ಯುವಷ್ಟರಲ್ಲಿ ಬಿಸಿಲಿಗೆ ಎಷ್ಟೋ ಹೋಗಿಬಿಡುತ್ತಿತ್ತು. ಆಗ ನಾನೇ ಹೇಳಿದೆ, ಅರ್ಧ ಉಳಿದ ಸಿಲಿಂಡರಿನ ಕೀಲಿಯನ್ನು ಕೋಣೆಯೊಳಗೇ ತಿರುವೋಣ, ಬಾಗಿಲು ಕಿಟಕಿ ಹಾಕಿಕೊಳ್ಳೋಣ, ತಂಪು ಹೊರಗೆ ಹೋಗಬಾರದು ಎಂದು. ಕಿಟಕಿಯ ಸಂದಿಗೆ ಹಳೆಯ ಸೀರೆ ತುರುಕಿದವಳೂ ನಾನೇ. ಹಳೆಯ ಮಾಳಿಗೆ ಮನೆ, ಗೋಡೆ ಎರಡು ಮೊಳ ದಪ್ಪ, ಹೊಸ್ತಿಲು ಹೆಚ್ಚುಕಡಿಮೆ ಮೊಳಕಾಲೆತ್ತರ. ತಂಪು ಹಿಡಿದಿಡಲು ಅದಕ್ಕಿಂತ ಒಳ್ಳೆಯ ಕೋಣೆ ಊರಿನಲ್ಲೇ ಇರಲಿಲ್ಲ.

ಮುಚ್ಚಿದ ಕೋಣೆಯಲ್ಲಿ ಆ ಸಿಲಿಂಡರು ಚೀರಿದ್ದನ್ನು ನಾನು ಇವತ್ತಿಗೂ ನೆನೆಯಲಾರೆ. ಸದ್ದು ನಿಂತಾಗ ದೀಪದ ಮಬ್ಬು ಬೆಳಕಿನಲ್ಲಿ ಅತ್ತೆಯ ಮಡಿಲಿನಿಂದ ಬಿಳಿ ಹೊಗೆ ಇಳಿದು ನೆಲದ ಮೇಲೆ ಹರಿಯುತ್ತಿತ್ತು. ಅದು ಏರುವ ಇಳಿಯುವ ಪರಿಗೆ ಅವರ ಎದೆಯೇ ಆಡಿದಂತೆ ಕಾಣುತ್ತಿತ್ತು. ನಾನು ಒಂದು ಗವಸನ್ನು ಅವರ ತೊಡೆಯ ಪಕ್ಕಕ್ಕೆ ಸರಿಸುವಾಗ ಗವಸಿನ ಬಾಯಿ ಬಿಚ್ಚಿ, ಒಂದು ಹಿಮದ ಗಡ್ಡೆ ಬೆಳ್ಳಿಯ ಕರಡಿಗೆಗೆ ತಗುಲಿತು. ಕರಡಿಗೆ ನಡುಗಿ ಅಳತೊಡಗಿತು. ಹೌದು, ಸಣ್ಣ ಕೂಸಿನ ಕಂಠದಲ್ಲಿ, ಎಳೆದೆಳೆದು. ಬಾಗಿಲ ಬಳಿ ಕೂತಿದ್ದ ಹೆಂಗಸರು ಎದ್ದು ಹೊರಗೋಡಿದರು. ಬಿಸಿಯ ಲೋಹ ತಗುಲಿದ ಕಡೆ ಹಿಮ ಭರ್ರನೆ ಗ್ಯಾಸಾಗಿ ಲೋಹವನ್ನು ನೂಕುತ್ತದೆ, ಲೋಹ ಮತ್ತೆ ಬೀಳುತ್ತದೆ, ಆ ಅದುರಿಗೆ ಸದ್ದು ಬರುತ್ತದೆ. ಇದನ್ನು ನಾನು ತಿಳಿದುಕೊಂಡದ್ದು ಎಷ್ಟೋ ವರ್ಷದ ಮೇಲೆ.

ಚಿಗವ್ವ ಮಾತ್ರ ಅಲ್ಲಾಡಲಿಲ್ಲ. "ಮಗಳನ್ನ ಕರ್ಯಾಕ್ಹತ್ಯಾಳ" ಎಂದಳು, ಅಷ್ಟೆ.

ಮಧ್ಯಾಹ್ನ ಒಂದರ ಹೊತ್ತಿಗೆ ಮನೆಯ ಉಳಿದೆಲ್ಲ ಕಡೆ ಒಲೆಯಂತೆ ಕಾದಿತ್ತು. ಮಗಳಿಗೆ ಮೈತುಂಬ ಬೆವರುಸಾಲೆ, ಅತ್ತು ಅತ್ತು ಗಂಟಲು ಕಟ್ಟಿತ್ತು. ಹೆಣವಿದ್ದ ಕೋಣೆಗೆ ಕೂಸನ್ನು ತರಬಾರದೆಂದು ಎಲ್ಲರಿಗೂ ಗೊತ್ತು. ನಾನು ಸೈನ್ಸ್ ಓದಿದವಳು, ನನಗೆ ಅದೆಲ್ಲ ಎಲ್ಲಿ? ತಂದು ಒಳಗೆ ಕೂತು ಹಾಲು ಕುಡಿಸಿದೆ. ಕೋಣೆಯಲ್ಲಿ ಸೋಡಾದ ಮೊದಲ ಗುಟುಕಿನ ವಾಸನೆ ಇತ್ತು, ಮೂಗಿನ ಒಳಗೆ ಚುರುಚುರು ಎನ್ನುತ್ತಿತ್ತು. ನನ್ನ ಉಸಿರು ಸಣ್ಣದಾಗಿ ಬೇಗ ಬೇಗ ಓಡುತ್ತಿತ್ತು. ರಾತ್ರಿಯ ನಿದ್ದೆಗೆಟ್ಟದ್ದಕ್ಕೆ ಎಂದುಕೊಂಡೆ.

ದೀಪ ಆರಿತು. ಗಾಳಿಯಿಲ್ಲ, ಎಣ್ಣೆಯಿದೆ, ಬತ್ತಿಯಿದೆ. ಹೊರಗಿನಿಂದ ಇಣುಕಿದ ನೆರೆಮನೆಯ ಮರಾಠಿಯವಳು "ಅಗ ಬಾಯಿ, ದಿವಾ ವಿಝಲಾ!" ಎಂದು ಎದೆ ಮುಟ್ಟಿಕೊಂಡು ಬಾಗಿಲೆಳೆದುಕೊಂಡಳು. ಚಿಗವ್ವ ಕತ್ತಲೆಯಲ್ಲಿ ಕಡ್ಡಿ ಗೀರಿ ಹಚ್ಚಿದಳು. ಮತ್ತೆ ಆರಿತು. ಬಗ್ಗಿ ಎದ್ದಾಗ ಆಕೆ ಗೋಡೆ ಹಿಡಿದಳು. "ಅಕ್ಕ ನನ್ನ ಕೆಳಗ ಎಳ್ಯಾಕ್ಹತ್ಯಾಳ ನೋಡವ್ವಾ. ಬಗ್ಗಿದರ ಜಗ್ಗತಾಳ" ಎಂದಳು. ನನಗೆ ರೇಗಿತು. ಹೆದರಿದಾಗ ನನಗೆ ರೇಗುತ್ತದೆ. ದೀಪವನ್ನು ಕಿತ್ತುಕೊಂಡು, ಹಚ್ಚಿ, ಗೋಡೆಯ ಗೂಡಿನಲ್ಲಿ ಇಟ್ಟೆ. ಅಲ್ಲಿ ಅದು ಸುಮ್ಮನೆ ನೆಟ್ಟಗೆ ಉರಿಯಿತು.

"ನೋಡ್ರಿ, ಉರಿತದಲ್ಲ? ಅಲ್ಲೇ ಇರಲಿ" ಎಂದು, ಹಾಲು ಕುಡಿದು ನಿದ್ದೆಹೋದ ಮಗಳನ್ನು ನೋಡಿದೆ. ತೊಟ್ಟಿಲು ಅದೇ ಕೋಣೆಯ ತೊಲೆಗೆ ನೇತಾಡುತ್ತಿತ್ತು. ಮೇಲೆ ಸೆಕೆ, ನೆಲದಲ್ಲಿ ತಂಪು. ಎದುರು ಗೋಡೆಯ ಬುಡದಲ್ಲಿ ಕೌದಿ ಹಾಸಿ ಮಗಳನ್ನು ಮಲಗಿಸಿದೆ. ನನ್ನ ಕೈಯಾರೆ ಮಲಗಿಸಿದೆ. ಮೇಲಾಗಿ ಸೆರಗಿನ ತುದಿಯಿಂದ ಹಣೆಯ ಬೆವರೂ ಒರೆಸಿದೆ.

ಚಿಗವ್ವ ಒಪ್ಪಲಿಲ್ಲ. "ಗೂಡಿನ್ಯಾಗ ದೇವರ ದೀಪ ಇಡ್ತಾರ. ಇದು ಅಕಿ ಕಾಲ ಮುಂದ ಇರಬೇಕು" ಎಂದು ಎದ್ದು, ಉರಿಯುವ ದೀಪವನ್ನು ಎರಡೂ ಕೈಯಲ್ಲಿ ಹಿಡಿದು ಇಳಿಸತೊಡಗಿದಳು. ಎದೆಯ ಮಟ್ಟದಲ್ಲಿ ಉರಿಯಿತು. ಸೊಂಟದ ಮಟ್ಟದಲ್ಲಿ ಉರಿಯಿತು. ಮೊಳಕಾಲಿನ ಹತ್ತಿರ ಬಂದಾಗ, ಯಾರೋ ಬೆರಳಿನಿಂದ ಹಿಸುಕಿದಂತೆ ಇಲ್ಲವಾಯಿತು. ಆಕೆ ನಿಂತೇ ಹಚ್ಚಿದಳು. ಮತ್ತೆ ಇಳಿಸಿದಳು. ಮತ್ತೆ ಅಲ್ಲೇ ಆರಿತು, ಹೊಸ್ತಿಲಿನ ಎತ್ತರದಲ್ಲಿ, ಒಂದು ಬೆರಳೂ ಹೆಚ್ಚುಕಡಿಮೆಯಿಲ್ಲದೆ.

ಆಗ ಮೋಂಬತ್ತಿ ನೆನಪಾಯಿತು. ಖಾಲಿ ಪಾತ್ರೆ ಬಗ್ಗಿಸಿದ ನಮ್ಮ ಸರ್ ನೆನಪಾದರು, ನನ್ನ ಚಪ್ಪಾಳೆ ನೆನಪಾಯಿತು. ಕೋಣೆಯೇ ಪಾತ್ರೆ. ಹೊಸ್ತಿಲಿನವರೆಗೆ ತುಂಬಿದೆ. ಅದರ ತಳದಲ್ಲಿ ನನ್ನ ಮಗಳು.

ಕತ್ತಲೆಯಲ್ಲಿ ತಡಕಿ ಎತ್ತಿದೆ. ಕೈಕಾಲು ಒದ್ದೆ ಬಟ್ಟೆಯಂತೆ ಜೋತುಬಿದ್ದವು. ಬಾಗಿಲು ಒದ್ದು ಅಂಗಳಕ್ಕೆ ಓಡಿದೆ. ಬಿಸಿಲಿನಲ್ಲಿ ನೋಡಿದರೆ ತುಟಿ ನೇರಳೆಹಣ್ಣಿನ ಬಣ್ಣ. ನಾನು ಏನು ಕೂಗಿದೆನೋ ನನಗೆ ಗೊತ್ತಿಲ್ಲ. ನಮ್ಮವರು ಓಡಿಬಂದು, ಅತ್ತೆಯ ಕೊನೆಯ ಸ್ನಾನಕ್ಕೆಂದು ಎತ್ತಿಟ್ಟಿದ್ದ ಒಂದೇ ಒಂದು ಕೊಡದ ನೀರನ್ನು ತಂದು ಕೂಸಿನ ಮುಖಕ್ಕೆ ಸುರಿದರು. ಪೂರ್ತಿ ಕೊಡ. ನೆಲ ಅದನ್ನು ಕುಡಿಯಿತು. ಮಗಳು ಬಿಕ್ಕಿದಳು, ಕೆಮ್ಮಿದಳು, ಆಮೇಲೆ ಅತ್ತಳು. ಆ ಅಳುವಿಗಾಗಿ ನಾನು ಈ ಜನ್ಮದಲ್ಲಿ ಯಾವ ದೇವರಿಗೆ ಬೇಕಾದರೂ ಅಡ್ಡಬೀಳುತ್ತೇನೆ.

ಚಿಗವ್ವನ ನೆನಪೇ ನನಗಿರಲಿಲ್ಲ. ಆಕೆ ಹೊಸ್ತಿಲು ದಾಟಿ ತಾನೇ ತೆವಳಿಕೊಂಡು ಪಡಸಾಲೆಗೆ ಬಂದಿದ್ದಳು.

ಹೆಂಗಸರು ಸುತ್ತುಗಟ್ಟಿದರು. ಹೆಣದ ಕೋಣೆಯಲ್ಲಿ ಕೂಸನ್ನು ನೆಲಕ್ಕೆ ಹಾಕಿದವರಾರು? ಸತ್ತವಳು ತನ್ನ ಸಂಗಡ ಕರೆದೊಯ್ಯಲು ನೋಡಿದಳಲ್ಲ? ಯಾರು? ಯಾರು? ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕಂಬಕ್ಕೆ ಒರಗಿ ಏದುಸಿರು ಬಿಡುತ್ತಿದ್ದ ಚಿಗವ್ವ ಅಂದಳು, "ನಾನೇ ಮಲಗಿಸೀನಿ. ತಣ್ಣಗ ಇರ್ತದಂತ."

ನಮ್ಮವರು ಆಕೆಯ ಮೇಲೆ ಹರಿಹಾಯ್ದರು. "ನಿನಗ ಬುದ್ಧಿ ಅದನೋ ಇಲ್ಲೋ, ಚಿಗವ್ವಾ? ಹೆಣದ ಮುಂದ ಕೂಸಿನ್ನ ಹಾಕ್ತಾರ ಯಾರರೇ?"

"ತಪ್ಪಾತೋ ಯಪ್ಪಾ."

ಆಕೆ ನನ್ನತ್ತ ನೋಡಿದಳು. ಸುಮ್ಮನಿರು ಎಂದು ಕಣ್ಣಿನಲ್ಲೇ ತಡೆದಳು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆಕೆ ನೋಡಿದಳು, ಅಷ್ಟೆ. ನಾನು ಬಾಯಿ ಮುಚ್ಚಿಕೊಂಡೆ.

ನಾದಿನಿ ಐದಕ್ಕೆ ಬಂದಳು. ಆ ಹೊತ್ತಿಗೆ ಕಿಟಕಿ ಬಾಗಿಲು ತೆಗೆಸಿ ಕೋಣೆಯಲ್ಲಿ ಗಾಳಿಯಾಡಿಸಿದ್ದೆ. ಅತ್ತೆ ನಸುಕಿನಲ್ಲಿ ಹೇಗಿದ್ದರೋ ಹಾಗೇ ಇದ್ದರು. ಕರಡಿಗೆಯ ಮೇಲೆ ಬಿಳಿ ಇಬ್ಬನಿ ಕಟ್ಟಿ, ಅದು ಕರಗಿ ಹನಿಹನಿಯಾಗಿ ಇಳಿಯುತ್ತಿತ್ತು. ಊರಲ್ಲೆಲ್ಲ ನೀರಿಲ್ಲದ ದಿನ ಗಾಳಿಯಿಂದ ಬಂದ ನೀರು. ಸ್ನಾನಕ್ಕೆ ಬೇರೆ ನೀರಿರಲಿಲ್ಲವಾಗಿ ಚಿಗವ್ವ ಅದನ್ನೇ ಬಟ್ಟೆಯಲ್ಲಿ ಒತ್ತಿ ಅಕ್ಕನ ಮುಖ ಒರೆಸಿದಳು. ನಾದಿನಿ ತಾಯಿಯ ಕೈ ಮುಟ್ಟಿ, ಕೆನ್ನೆಗೊತ್ತಿಕೊಂಡು ಅತ್ತು, "ಯಾರು ನಮ್ಮವ್ವನ್ನ ನನ್ನ ಸಲುವಾಗಿ ಇಷ್ಟ ತಣ್ಣಗ ಇಟ್ಟಾರ?" ಎಂದು ಕೇಳಿದಳು. ಎಲ್ಲರೂ ನನ್ನನ್ನು ತೋರಿಸಿದರು. ಆಕೆ ಬಂದು ನನ್ನ ಎರಡೂ ಕೈ ಹಿಡಿದು, "ವೈನಿ, ನಿನ್ನ ಉಪಕಾರ ಎಂದೂ ತೀರಂಗಿಲ್ಲ" ಎಂದಳು. ಕಂಕುಳಲ್ಲಿ ಮಗಳು ಇನ್ನೂ ಕೆಮ್ಮುತ್ತಿದ್ದಳು.

ಆಮೇಲಿನ ಕತೆ ಚಿಕ್ಕದು. ಚಿಗವ್ವನ ಕೈಗೆ ಕೂಸನ್ನು ಕೊಡುವುದು ನಿಂತಿತು. ಓಣಿಯವರೂ ತಮ್ಮ ಮಕ್ಕಳನ್ನು ಆಕೆಯ ಕಣ್ಣಿಗೆ ಬೀಳದಂತೆ ಎಳೆದುಕೊಳ್ಳುತ್ತಿದ್ದರು. ನಮ್ಮವರು ಆಕೆಯೊಡನೆ ತೀರ ಅಗತ್ಯವಿದ್ದಷ್ಟೇ ಮಾತಾಡುತ್ತಿದ್ದರು. ಮೂರು ವರ್ಷ ಹಾಗೆ ಇದ್ದು, ಶಿರೂರ ಅನಂತಪಾಳದಲ್ಲಿ ಯಾರೋ ದೂರದ ಸಂಬಂಧಿಕರಿದ್ದಾರೆಂದು ಹೊರಟುಹೋದಳು. ಅಲ್ಲೇ ತೀರಿಕೊಂಡಳಂತೆ. ನಮಗೆ ತಿಳಿದದ್ದು ಮಣ್ಣಾದ ಎಂಟು ದಿನಕ್ಕೆ.

ನನ್ನ ಬುದ್ಧಿಯ ಮಾತು ಕೇಳಿ ದೀಪವನ್ನು ಗೂಡಿನಲ್ಲೇ ಬಿಟ್ಟಿದ್ದರೆ ಅದು ಸಂಜೆಯವರೆಗೂ ಚೆನ್ನಾಗಿ ಉರಿಯುತ್ತಿತ್ತು, ಮಗಳು ಬದುಕುತ್ತಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಲಿಲ್ಲ. ನಮ್ಮವರು ತಿಳಿಯದೆಯೇ ಹೋದರು.

ಈ ವರ್ಷ ಪುಣ್ಯತಿಥಿಗೆ ಮಗಳು ಮತ್ತೆ ಅದೇ ಪ್ರಶ್ನೆ ಕೇಳಿದಾಗ ಗದರಲು ಬಾಯಿ ತೆರೆದವಳು ಎಲ್ಲವನ್ನೂ ಹೇಳಿಬಿಟ್ಟೆ. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

"ನಾ ಸಣ್ಣಾಕಿ ಇದ್ದಾಗ ಚಿಗವ್ವ ನನಗ ಬೆಲ್ಲ ಹಿಡಕೊಂಡು ಕರೀತಿದ್ದಳು. ನೆನಪದ ನನಗ. ಅಂಜಿ ನಿನ್ನ ಹಿಂದ ಅಡಗತಿದ್ದೆ" ಎಂದಳು. ಆಮೇಲೆ, "ಒಮ್ಮಿ ಆಕಿ ಕಡಿ ಹೋಗು ಅಂತರೇ ಅನಬೇಕಿತ್ತವ್ವಾ ನೀ" ಎಂದಳು.

ಮಗಳು ಒಳಗೆ ಹೋಗಿ ಇನ್ನೊಂದು ದೀಪ ತಂದು, ಹಚ್ಚಿ, ಮೊದಲಿನದರ ಪಕ್ಕದಲ್ಲಿ ನೆಲದ ಮೇಲೆ ಇಟ್ಟಳು.